ಮನೆಯಲ್ಲೇ ಕಲಿಯುವ ಮಗುವಿಗೆ ಯಾವ ಪರೀಕ್ಷೆ, ಯಾವ ದಾಖಲೆ: ಆಯ್ಕೆಗೆ ಮುನ್ನ ಒಂದು ಹೋಲಿಕೆ

ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಬೇಕೆಂದು ನಿರ್ಧರಿಸಿದ ಕುಟುಂಬಗಳು ಮೊದಲು ಯೋಚಿಸುವುದು ಪುಸ್ತಕಗಳ ಬಗ್ಗೆ, ಆಮೇಲೆ ದಿನದ ವೇಳಾಪಟ್ಟಿಯ ಬಗ್ಗೆ. ದಾಖಲೆಯ ವಿಚಾರ ನೆನಪಾಗುವುದು ಬಹಳ ತಡವಾಗಿ. ಯಾವುದೋ ಅರ್ಜಿ ನಮೂನೆಯಲ್ಲಿ ‘ಹಿಂದೆ ಓದಿದ ಶಾಲೆಯ ಹೆಸರು’ ಎಂಬ ಅಂಕಣ ಎದುರಾಗಿ, ಬರೆಯುವುದೇನೆಂದು ತೋಚದೆ ಪೆನ್ನು ನಿಂತಾಗಲೇ ಹೆಚ್ಚಿನವರಿಗೆ ಅದರ ಅರಿವಾಗುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಮಗಳು ಮೊದಲಿನಿಂದ ಮನೆಯಲ್ಲೇ ಕಲಿತು ಈಗ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆಗಳನ್ನು ಒಂದೊಂದಾಗಿ ಬರೆಯುತ್ತಿದ್ದಾಳೆ. ಮಗ ಐದು ವರ್ಷ ಮನೆಯಲ್ಲಿ ಕಲಿತು ಆರನೇ ತರಗತಿಗೆ ಶಾಲೆ ಸೇರಿದ. ಒಂದೇ ಮನೆ, ಅದೇ ತಂದೆತಾಯಿ. ಆದರೂ ಇಬ್ಬರಿಗೂ ಬೇಕಾದ ಕಾಗದಗಳು ಬೇರೆ ಬೇರೆಯಾಗಿದ್ದವು. ಪಠ್ಯಕ್ರಮವನ್ನು ಆರಿಸುವುದಕ್ಕೂ ಮೊದಲು, ಮಗು ಹದಿನೈದು ಹದಿನಾರರ ವಯಸ್ಸಿನಲ್ಲಿ ಯಾವ ಪರೀಕ್ಷೆಗೆ ಕುಳಿತುಕೊಳ್ಳಬಹುದು ಎಂಬುದನ್ನು ಅಂದಾಜು ಮಾಡಿ, ಅದಕ್ಕೆ ಒಪ್ಪುವ ದಾಖಲೆಯನ್ನು ಮೊದಲ ತಿಂಗಳಿನಿಂದಲೇ ಇಡಬೇಕೆಂಬುದು ಈ ಅನುಭವದಿಂದ ನನಗೆ ಖಚಿತವಾದ ಮಾತು. ನೆನಪಿಗಾಗಿ ಬರೆಯುವ ಪುಟವನ್ನೇ ಸ್ವಲ್ಪ ಎಚ್ಚರದಿಂದ ಬರೆದರೆ ಅದು ಪುರಾವೆಯೂ ಆಗುತ್ತದೆ.

ಪದದ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. ನಮ್ಮಲ್ಲಿ ‘ಮನೆಪಾಠ’ ಎಂದರೆ ಶಾಲೆಯ ನಂತರದ ಟ್ಯೂಷನ್ ಎಂದೇ ಜನ ತಿಳಿಯುತ್ತಾರೆ. ಆದ್ದರಿಂದ ಕಚೇರಿಗೆ ಕೊಡುವ ಪತ್ರದಲ್ಲಿ ಆ ಪದವನ್ನು ಬಳಸಬಾರದು. ‘ಹೋಮ್‌ಸ್ಕೂಲಿಂಗ್’ ಅಥವಾ ‘ಪೋಷಕರ ಮೇಲ್ವಿಚಾರಣೆಯಲ್ಲಿ ಮನೆಯಲ್ಲೇ ಶಿಕ್ಷಣ’ ಎಂದು ಬಿಡಿಸಿ ಬರೆಯುವುದು ಮೇಲು.

ಕಾನೂನು ಏನು ಹೇಳುತ್ತದೆ

ಸಂವಿಧಾನಕ್ಕೆ 2002ರಲ್ಲಿ ಆದ 86ನೇ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು 21ಎ ವಿಧಿಯ ಮೂಲಕ ಮೂಲಭೂತ ಹಕ್ಕನ್ನಾಗಿ ಮಾಡಿತು. ಅದೇ ತಿದ್ದುಪಡಿ 51ಎ ವಿಧಿಗೆ (ಕೆ) ಖಂಡವನ್ನು ಸೇರಿಸಿ, ಮಗುವಿಗೆ ‘ಶಿಕ್ಷಣದ ಅವಕಾಶಗಳನ್ನು ಒದಗಿಸುವುದು’ ತಂದೆತಾಯಿಯ ಕರ್ತವ್ಯವೆಂದಿತು. ಆ ಹಕ್ಕನ್ನು ಜಾರಿಗೊಳಿಸಲು ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 10ನೇ ಕಲಂನ ಭಾಷೆ ಮಾತ್ರ ಬೇರೆ: ಮಗುವನ್ನು ನೆರೆಹೊರೆಯ ಶಾಲೆಗೆ ‘ದಾಖಲಿಸುವುದು’ ಪೋಷಕರ ಕರ್ತವ್ಯ ಎನ್ನುತ್ತದೆ. ಅವಕಾಶ ಒದಗಿಸುವುದಕ್ಕೂ ಶಾಲೆಗೆ ದಾಖಲಿಸುವುದಕ್ಕೂ ನಡುವೆ ಇರುವ ಈ ಅಂತರದಲ್ಲಿಯೇ ನಮ್ಮ ದೇಶದ ಹೋಮ್‌ಸ್ಕೂಲಿಂಗ್ ನಿಂತಿದೆ. ಕಾಯ್ದೆ ಅದನ್ನು ಹೆಸರಿಸಿ ಮಾನ್ಯ ಮಾಡಿಲ್ಲ. ಹೆಸರಿಸಿ ನಿಷೇಧಿಸಿಯೂ ಇಲ್ಲ. 10ನೇ ಕಲಂ ಪಾಲಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ದಂಡವನ್ನು ವಿಧಿಸಿಲ್ಲ. 2012ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಈ ಪ್ರಶ್ನೆ ಬಂದಾಗ, ಸ್ವಇಚ್ಛೆಯಿಂದ ಮನೆಯಲ್ಲಿ ಕಲಿಸುವ ಪೋಷಕರು ಹಾಗೆಯೇ ಮುಂದುವರಿಯಬಹುದು, ಕಾಯ್ದೆ ಅದಕ್ಕೆ ಅಡ್ಡಿಯಲ್ಲ ಎಂಬ ನಿಲುವನ್ನು ಕೇಂದ್ರ ಸರ್ಕಾರ ಪ್ರಮಾಣಪತ್ರದ (ಅಫಿಡವಿಟ್) ಮೂಲಕ ತಿಳಿಸಿತ್ತು.

ಈ ನಿಲುವಿನಿಂದ ಧೈರ್ಯ ತಂದುಕೊಳ್ಳಬಹುದು, ನಿಶ್ಚಿಂತೆಯಿಂದ ಕೂರುವಂತಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಮನೆಗೆ ಬರುವ ಶಿಕ್ಷಕರಾಗಲಿ ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿಯಾಗಲಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹೈಕೋರ್ಟಿಗೆ ಸಲ್ಲಿಸಿದ ಆ ಅಫಿಡವಿಟ್ಟನ್ನು ಓದಿ ಬಂದಿರುವುದಿಲ್ಲ, ಬಂದಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ದುಡಿಮೆಗೆ ಹೋಗುವ, ಬಾಲ್ಯವಿವಾಹಕ್ಕೆ ಸಿಲುಕುವ ಮಕ್ಕಳನ್ನು ಹುಡುಕಿ ಶಾಲೆಗೆ ತರುವುದು ಅವರ ಕೆಲಸ. ಅದು ನಡೆಯಲೇಬೇಕಾದ ಕೆಲಸವೆಂದು ಮನೆಯಲ್ಲಿ ಕಲಿಸುವ ನಾವೂ ಮನಸಾರೆ ಒಪ್ಪಬೇಕು. ಅವರು ಕೇಳಿದಾಗ ವಾದಕ್ಕಿಳಿಯದೆ, ಮಗು ನಿಜವಾಗಿಯೂ ಕಲಿಯುತ್ತಿದೆ ಎಂಬುದನ್ನು ಹತ್ತು ನಿಮಿಷದಲ್ಲಿ ತೋರಿಸಬಲ್ಲ ಕಡತವೊಂದು ಕೈಗೆಟಕುವಂತಿರಬೇಕು.

ಇಲ್ಲಿ ಮೊದಲ ಆಯ್ಕೆ ಎದುರಾಗುತ್ತದೆ. ಈಗಾಗಲೇ ಶಾಲೆಗೆ ಹೋಗುತ್ತಿರುವ ಮಗುವನ್ನು ಬಿಡಿಸುವಾಗ ಕೆಲವರು ಸುಮ್ಮನೆ ಕಳಿಸುವುದನ್ನು ನಿಲ್ಲಿಸುತ್ತಾರೆ. ಇನ್ನು ಕೆಲವರು ಲಿಖಿತವಾಗಿ ತಿಳಿಸಿ ವರ್ಗಾವಣೆ ಪತ್ರ ಪಡೆಯುತ್ತಾರೆ. ಮೊದಲಿನದು ಸುಲಭವೆಂದು ತೋರಿದರೂ ಅದನ್ನು ಮಾಡಲೇಬಾರದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಕಾರಣ ತಿಳಿಸದೆ ದಿನಗಟ್ಟಲೆ ಗೈರಾದ ಮಗು ಶಾಲೆಯಿಂದ ಹೊರಗುಳಿದವರ ಪಟ್ಟಿಗೆ ಸೇರುತ್ತದೆ, ಮುಖ್ಯೋಪಾಧ್ಯಾಯರೂ ಉತ್ತರ ಕೊಡಬೇಕಾಗುತ್ತದೆ. ಟಿಸಿಯನ್ನು ಪಡೆದು, ಅದರಲ್ಲಿ ಹೆಸರು, ಜನ್ಮದಿನಾಂಕ ಮತ್ತು ಸ್ಯಾಟ್ಸ್ ಸಂಖ್ಯೆ (ರಾಜ್ಯದ ಶಾಲಾ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತು ಸಂಖ್ಯೆ) ಸರಿಯಾಗಿವೆಯೇ ಎಂದು ಅಲ್ಲೇ ನೋಡಿಕೊಂಡು ಬರಬೇಕು. ಜನನ ಪ್ರಮಾಣಪತ್ರದಲ್ಲಿರುವ ಹೆಸರಿಗೂ ಆಧಾರಿನಲ್ಲಿರುವ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸವಿದ್ದರೂ, ತಂದೆಯ ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ ಇನ್ನೊಂದರಲ್ಲಿ ಹಿಂದೆ ಇದ್ದರೂ, ಅದನ್ನು ತಿದ್ದಿಸಲು ಒಳ್ಳೆಯ ಕಾಲ ಮಗು ಚಿಕ್ಕದಿರುವಾಗಲೇ.

ನಾಲ್ಕೈದು ಕುಟುಂಬಗಳು ಸೇರಿ ಒಂದೇ ಮನೆಯಲ್ಲಿ ಮಕ್ಕಳಿಗೆ ಕಲಿಸುವ ಏರ್ಪಾಡೂ ಈಗ ಅಲ್ಲಲ್ಲಿ ಕಾಣುತ್ತದೆ. ಮಕ್ಕಳಿಗೆ ಜೊತೆ ಸಿಗುವುದರಿಂದ ಅದು ಒಳ್ಳೆಯದೇ. ಆದರೆ ಅದಕ್ಕೊಂದು ಹೆಸರಿಟ್ಟು, ಬೋರ್ಡು ಹಾಕಿ, ಶುಲ್ಕ ಪಡೆದು ನಡೆಸತೊಡಗಿದರೆ ಕಾಯ್ದೆಯ 18ನೇ ಕಲಂ ನೆನಪಿಡಬೇಕು: ಮಾನ್ಯತೆಯಿಲ್ಲದೆ ಶಾಲೆ ನಡೆಸುವವರಿಗೆ ಒಂದು ಲಕ್ಷ ರೂಪಾಯಿಯವರೆಗೆ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಪೋಷಕರ ಮೇಲೆ ಮೃದುವಾಗಿರುವ ಕಾಯ್ದೆ ಈ ವಿಷಯದಲ್ಲಿ ಮೃದುವಾಗಿಲ್ಲ.

ಪರೀಕ್ಷೆಯ ದಾರಿಗಳು

ಕರ್ನಾಟಕದಲ್ಲಿ ಮನೆಯಲ್ಲಿ ಕಲಿತ ಮಗುವಿಗೆ ಹತ್ತನೇ ತರಗತಿಯ ಪ್ರಮಾಣಪತ್ರ ದೊರೆಯುವ ಮುಖ್ಯ ದಾರಿಗಳು ಮೂರು. ಅಷ್ಟರೊಳಗೆ ಶಾಲೆಗೆ ಮರಳುವುದು ನಾಲ್ಕನೆಯದು.

ಹೆಚ್ಚಿನವರು ಆರಿಸುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನು, ಅಂದರೆ ಎನ್‌ಐಒಎಸ್ ಅನ್ನು. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಎಂದು ಸ್ಥಾಪನೆಯಾಗಿ 2002ರಲ್ಲಿ ಈಗಿನ ಹೆಸರು ಪಡೆದ, ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ಈ ಸ್ವಾಯತ್ತ ಸಂಸ್ಥೆಗೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಹತ್ತನೇ ತರಗತಿಗೆ ಸಮನಾದ ಸೆಕೆಂಡರಿ ಹಂತಕ್ಕೆ ಸೇರಲು 14 ವರ್ಷ ತುಂಬಿರಬೇಕು. ಹಿಂದಿನ ಶಾಲೆಯ ಅಂಕಪಟ್ಟಿ ಇಲ್ಲದವರು ಆ ಹಂತವನ್ನು ಓದುವಷ್ಟು ಕಲಿತಿದ್ದೇವೆಂದು ಸ್ವಯಂ ದೃಢೀಕರಣ ಕೊಟ್ಟು ಸೇರಬಹುದು; ಮನೆಯಲ್ಲಿ ಕಲಿತ ಮಗುವಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ಉತ್ತೀರ್ಣರಾದರೆ ಪ್ರಮಾಣಪತ್ರ ದೊರೆಯುತ್ತದೆ. ನೋಂದಣಿ ಐದು ವರ್ಷ ಊರ್ಜಿತದಲ್ಲಿರುತ್ತದೆ, ಆ ಅವಧಿಯಲ್ಲಿ ಒಂಬತ್ತು ಸಾರ್ವಜನಿಕ ಪರೀಕ್ಷೆಗಳ ಅವಕಾಶವಿದೆ, ಪರೀಕ್ಷೆಗಳು ವರ್ಷಕ್ಕೆರಡು ಬಾರಿ ನಡೆಯುತ್ತವೆ, ಪಾಸಾದ ವಿಷಯದ ಅಂಕ ಹಾಗೆಯೇ ಉಳಿಯುತ್ತದೆ. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಚಿತ್ರಕಲೆ, ಗೃಹ ವಿಜ್ಞಾನ, ಡೇಟಾ ಎಂಟ್ರಿಯಂಥ ವಿಷಯಗಳೂ ಪಟ್ಟಿಯಲ್ಲಿವೆ.

ಇಷ್ಟು ಸಡಿಲಿಕೆಯ ನಡುವೆಯೇ ಎಡವುವ ಜಾಗಗಳೂ ಇವೆ. ಗಣಿತ ಇಲ್ಲಿ ಕಡ್ಡಾಯವಲ್ಲ; ಮಗುವಿಗೆ ಕಷ್ಟವೆಂದು ಬಿಟ್ಟುಬಿಟ್ಟು, ಎರಡು ವರ್ಷದ ನಂತರ ಪಿಯುಸಿ ವಿಜ್ಞಾನಕ್ಕೆ ಸೇರಬೇಕೆನಿಸಿದಾಗ ಪರಿತಪಿಸಿದ ಕುಟುಂಬವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮನೆಯಿಂದ ಬರೆದು ಸಲ್ಲಿಸಬೇಕಾದ ಟಿಎಂಎ ಎಂಬ ನಿಯೋಜಿತ ಕಾರ್ಯಕ್ಕೆ ಶೇ. 20ರ ತೂಕವಿದೆ, ಅದರ ಕೊನೆಯ ದಿನವನ್ನು ಮರೆತವರು ಆ ಅಂಕಗಳನ್ನು ವೃಥಾ ಕಳೆದುಕೊಳ್ಳುತ್ತಾರೆ. ಶಾಲೆಯ ಗಂಟೆಯಿಲ್ಲದ ಮನೆಗೆ ಇಂಥ ದಿನಾಂಕಗಳೇ ಗಂಟೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ನಮ್ಮ ರೂಢಿ. ಮುಕ್ತ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಶಿಕ್ಷಣದ ಬಾಗಿಲು ಮುಚ್ಚಿದೆ ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಅವರನ್ನು ನೀಟ್ ಪರೀಕ್ಷೆಯಿಂದ ಹೊರಗಿಟ್ಟಿದ್ದ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿಯೇ ರದ್ದುಗೊಳಿಸಿತು.

ಎರಡನೆಯ ದಾರಿ ನಮ್ಮದೇ ರಾಜ್ಯದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ನಡೆಸುವ ಈ ಪರೀಕ್ಷೆಗೆ ಮಗುವಿಗೆ 15 ವರ್ಷ ತುಂಬಿದ ಮೇಲೆ, ನಿಗದಿಪಡಿಸಿದ ಶಾಲೆಯ ಮೂಲಕ ಅರ್ಜಿ ಹಾಕಬೇಕು. ಕನ್ನಡ ಮಾಧ್ಯಮದಲ್ಲೇ ಎಲ್ಲ ವಿಷಯಗಳನ್ನೂ ಬರೆಯಬಹುದು, ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಖರ್ಚು ಬಹಳ ಕಡಿಮೆ, ಊರಿನ ಯಾವ ಕಾಲೇಜಿಗೂ ಆ ಅಂಕಪಟ್ಟಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಶಾಲೆಯ ವಿದ್ಯಾರ್ಥಿಗಳಿಗಿರುವ 20 ಅಂಕದ ಆಂತರಿಕ ಮೌಲ್ಯಮಾಪನ ಖಾಸಗಿ ಅಭ್ಯರ್ಥಿಗೆ ಇಲ್ಲದಿರುವುದರಿಂದ ಇಡೀ ಅಂಕ ಲಿಖಿತ ಪರೀಕ್ಷೆಯ ಮೇಲೆಯೇ ನಿಂತಿರುತ್ತದೆ. ಆರು ವಿಷಯಗಳನ್ನೂ ಒಟ್ಟಿಗೆ ಸಿದ್ಧಪಡಿಸಿಕೊಳ್ಳಬೇಕು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿರುವುದು ಆ ಭಾರವನ್ನು ಸ್ವಲ್ಪ ತಗ್ಗಿಸಿದೆ. ಕನ್ನಡದಲ್ಲೇ ಯೋಚಿಸಿ ಬರೆಯುವ ಮಗುವಿಗೆ, ಅದರಲ್ಲೂ ಹಳ್ಳಿಯಲ್ಲಿ ಬೆಳೆಯುತ್ತಿರುವ ಮಗುವಿಗೆ, ಈ ದಾರಿಯನ್ನು ಜನ ಇಷ್ಟು ಕಡಿಮೆ ಪರಿಗಣಿಸುವುದು ಏಕೆಂದು ನನಗೆ ಅರ್ಥವಾಗಿಲ್ಲ.

ಮೂರನೆಯದು ಕೇಂಬ್ರಿಜ್ ಅಥವಾ ಪಿಯರ್ಸನ್ ಎಂಬ ಬ್ರಿಟಿಷ್ ಮಂಡಳಿಗಳು ನಡೆಸುವ, ಹತ್ತನೇ ತರಗತಿಯ ಮಟ್ಟದ ಐಜಿಸಿಎಸ್‌ಇ ಪರೀಕ್ಷೆ. ಖಾಸಗಿ ಅಭ್ಯರ್ಥಿಗಳನ್ನು ಸೇರಿಸಿಕೊಳ್ಳುವ ಶಾಲೆಯೊಂದನ್ನು ಮೊದಲು ಹುಡುಕಬೇಕು. ಅಂಥವು ಬೆಂಗಳೂರಿನಂಥ ದೊಡ್ಡ ನಗರಗಳಲ್ಲೇ ಹೆಚ್ಚು. ಪ್ರಶ್ನೆಗಳು ಕಂಠಪಾಠಕ್ಕಿಂತ ವಿವರಣೆಯನ್ನು ಬೇಡುತ್ತವೆ. ಕೇಂಬ್ರಿಜ್‌ನ ವಿಜ್ಞಾನ ವಿಷಯಗಳಲ್ಲಿ ಪ್ರಯೋಗಾಲಯದ ಬದಲು ಬರೆಯಬಹುದಾದ ಪ್ರತ್ಯೇಕ ಪತ್ರಿಕೆಯಿರುವುದು ಮನೆಯಲ್ಲಿ ಕಲಿತವರಿಗೆ ಅನುಕೂಲ. ಮುಂದಿನ ಎ ಲೆವೆಲ್ ಹಂತದಲ್ಲಿ ಆ ವಿನಾಯಿತಿಯಿಲ್ಲ, ನಿಜವಾದ ಪ್ರಯೋಗಾಲಯ ಬೇಕೇ ಬೇಕು. ಶುಲ್ಕವನ್ನು ಒಂದೊಂದು ವಿಷಯಕ್ಕೆ ಬೇರೆಬೇರೆಯಾಗಿ ಕಟ್ಟಬೇಕಾಗಿದ್ದು, ಎಲ್ಲ ಸೇರಿದಾಗ ಮೊದಲೆರಡು ದಾರಿಗಳಿಗೆ ಹೋಲಿಸಲಾಗದಷ್ಟು ದೊಡ್ಡ ಮೊತ್ತವಾಗುತ್ತದೆ. ಕನ್ನಡ ಅಲ್ಲಿ ಪರೀಕ್ಷೆಯ ವಿಷಯವಾಗಿ ಬರುವುದಿಲ್ಲವಾದ್ದರಿಂದ ಅದನ್ನು ಉಳಿಸಿಕೊಳ್ಳುವ ಹೊಣೆ ಪೂರ್ತಿಯಾಗಿ ಮನೆಯದು. ವಿದೇಶದಲ್ಲಿ ಪದವಿ ಓದುವ ಸಾಧ್ಯತೆ ಬಲವಾಗಿರುವವರಿಗೆ ಮಾತ್ರ ನಾನು ಇದನ್ನು ಸೂಚಿಸುತ್ತೇನೆ.

ಶಾಲೆಗೆ ಮರಳುವುದನ್ನು ಅನೇಕರು ಸೋಲೆಂದು ಭಾವಿಸುತ್ತಾರೆ. ಹಾಗೆ ಭಾವಿಸಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಆರು ವರ್ಷ ದಾಟಿಯೂ ಶಾಲೆಗೆ ಸೇರದಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಅಗತ್ಯವಿದ್ದರೆ ವಿಶೇಷ ತರಬೇತಿ ಕೊಡಬೇಕು. 13ನೇ ಕಲಂ ಪ್ರವೇಶ ಪರೀಕ್ಷೆಯಂಥ ಆಯ್ಕೆ ಪ್ರಕ್ರಿಯೆಯನ್ನು ನಿಷೇಧಿಸುತ್ತದೆ. ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದು 14ನೇ ಕಲಂ ಹೇಳುತ್ತದೆ. ನಮ್ಮ ಮಗನನ್ನು ಸೇರಿಸಲು ಹೋದ ಮೊದಲ ಶಾಲೆಯಲ್ಲಿ ಟಿಸಿ ಇಲ್ಲದವನನ್ನು ಒಂದನೇ ತರಗತಿಗೆ ಮಾತ್ರ ಸೇರಿಸಬಹುದೆಂದರು. ಎರಡನೆಯ ಶಾಲೆಯ ಮುಖ್ಯೋಪಾಧ್ಯಾಯರು ನಮ್ಮ ಕಡತದ ಹಾಳೆಗಳನ್ನು ಒಂದೊಂದಾಗಿ ತಿರುವಿ, ಹುಡುಗನನ್ನು ಕರೆದು ಅವನದೇ ಟಿಪ್ಪಣಿಯೊಂದನ್ನು ಓದಿಸಿ, ಆರನೇ ತರಗತಿಗೆ ದಾಖಲಿಸಿಕೊಂಡರು. ಕಾಯ್ದೆ ಎರಡೂ ಶಾಲೆಗೂ ಒಂದೇ ಆಗಿತ್ತು.

ಏಳು ವರ್ಷದ ಲೆಕ್ಕ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಬೇಕು. ಇಲ್ಲಿ ತಪ್ಪಿದರೆ ಹನ್ನೆರಡನೇ ತರಗತಿಯ ನಂತರ ಸರಿಪಡಿಸುವ ದಾರಿಗಳು ಬಹಳ ಕಡಿಮೆ. ಇಂಜಿನಿಯರಿಂಗ್, ಕೃಷಿ ಮುಂತಾದ ಕೋರ್ಸುಗಳ ಸರ್ಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಅರ್ಹತೆಯ ಸಾಮಾನ್ಯ ಕಲಂ ಎಂದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು. ಹನ್ನೆರಡರಲ್ಲಿ ಏಳನ್ನು ಕಳೆದರೆ ಉಳಿಯುವುದು ಐದು. ಒಂದರಿಂದ ಐದನೆಯ ತರಗತಿಯವರೆಗೆ ಮನೆಯಲ್ಲಿ ಕಲಿತು ಆರಕ್ಕೆ ಶಾಲೆ ಸೇರಿ ದ್ವಿತೀಯ ಪಿಯುಸಿ ಮುಗಿಸಿದವನಿಗೆ ಸರಿಯಾಗಿ ಏಳು ವರ್ಷ ತುಂಬುತ್ತದೆ. ಮನೆಯಲ್ಲಿ ಇನ್ನೊಂದು ವರ್ಷ ಉಳಿದಿದ್ದರೂ ಈ ಕಲಂ ಕೈತಪ್ಪುತ್ತದೆ. ಮಗನನ್ನು ಆರನೇ ತರಗತಿಗೇ ಸೇರಿಸಿದ್ದರ ಹಿಂದೆ ಅವನ ಗೆಳೆಯರ ಆಸೆಯ ಜೊತೆಗೆ ಈ ಲೆಕ್ಕವೂ ಇತ್ತು.

ಮನೆಯಲ್ಲೇ ಹತ್ತರವರೆಗೆ ಕಲಿತ ಮಗಳಂಥವರಿಗೆ ಬೇರೊಂದು ಕಲಂ ಇದೆ: ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಅದರಡಿ ಅರ್ಹತೆ ಕೇಳಬಹುದು. ಆಗ ಬೇಕಾಗುವುದು ಮಗುವಿನ ಕಡತವಲ್ಲ, ತಂದೆತಾಯಿಯ ವ್ಯಾಸಂಗ ಪ್ರಮಾಣಪತ್ರ. ಮಕ್ಕಳಿಲ್ಲದೆ ಸರ್ಕಾರಿ ಶಾಲೆಗಳು ಒಂದಕ್ಕೊಂದು ವಿಲೀನವಾಗುತ್ತಿರುವ ಈ ಕಾಲದಲ್ಲಿ, ನಾವು ಓದಿದ ಶಾಲೆಯ ದಾಖಲಾತಿ ಪುಸ್ತಕ ಇನ್ನೂ ಅದೇ ಬೀರುವಿನಲ್ಲಿ ಇರುವಾಗಲೇ ಆ ಪ್ರಮಾಣಪತ್ರವನ್ನು ಬರೆಸಿಕೊಂಡು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಿಕೊಂಡು ಇಡುವುದು ಒಳ್ಳೆಯದು. ಕಲಂಗಳ ಮಾತು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಕವನ್ನೇ ಓದಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳಿಗೆ ಒಂದರಿಂದ ಹತ್ತರವರೆಗಿನ ಪೂರ್ಣ ಹತ್ತು ವರ್ಷವೂ ಶಾಲೆಯಲ್ಲಿ ಓದಿರಬೇಕಾದ್ದರಿಂದ, ಮನೆಯಲ್ಲಿ ಕಲಿಯುವ ಮಗು ಹಳ್ಳಿಯಲ್ಲೇ ಕನ್ನಡದಲ್ಲೇ ಕಲಿತಿದ್ದರೂ ಅವುಗಳಿಗೆ ಅರ್ಹತೆ ಕಳೆದುಕೊಳ್ಳುತ್ತದೆ. ಇದು ನನ್ನ ಮನಸ್ಸಿಗೆ ಇಂದಿಗೂ ನೋವು ಕೊಡುವ ಸಂಗತಿ. ನಿರ್ಧಾರಕ್ಕೆ ಮುಂಚೆ ಇದನ್ನು ಮನೆಯ ಹಿರಿಯರೊಂದಿಗೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು.

ದಾಖಲೆ ಇಡುವ ಬಗೆಗಳು

ದಿನಚರಿ, ಫೋಟೋ, ಮಾದರಿಗಳ ಕಡತ, ಕಂಪ್ಯೂಟರಿನ ತಃಖ್ತೆ ಅಥವಾ ಆ್ಯಪ್: ನಾವು ಈ ನಾಲ್ಕನ್ನೂ ಬೇರೆ ಬೇರೆ ವರ್ಷಗಳಲ್ಲಿ ಬಳಸಿದ್ದೇವೆ.

ಮೊದಲ ವರ್ಷ ಫೋಟೋಗಳನ್ನೇ ನಂಬಿದೆವು. ವರ್ಷದ ಕೊನೆಗೆ ಫೋನಿನಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದವು, ಅವುಗಳಲ್ಲಿ ಹೆಚ್ಚಿನವು ಯಾವ ದಿನದವು, ಮಗಳು ಆಗ ಏನು ಮಾಡುತ್ತಿದ್ದಳು, ಏನು ಕೇಳಿದಳು ಎಂಬುದು ನಮಗೇ ಹೊಳೆಯುತ್ತಿರಲಿಲ್ಲ. ಕೆರೆಯ ದಂಡೆಯಲ್ಲಿ ಕೂತ ಮಗುವಿನ ಚಿತ್ರ ಚಂದವಾಗಿರಬಹುದು. ಅವಳು ಅಂದು ಮೊದಲ ಬಾರಿಗೆ ಕೆರೆಯ ಕಲ್ಲಿನ ಮೇಲಿದ್ದ ಹೆಸರನ್ನು ಒತ್ತಕ್ಷರ ಸಮೇತ ಓದಿದಳೆಂಬುದನ್ನು ಚಿತ್ರ ಹೇಳುವುದಿಲ್ಲ. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಚಿತ್ರಗಳಲ್ಲಂತೂ ತೆಗೆದ ದಿನಾಂಕ, ಸ್ಥಳದ ಮಾಹಿತಿಯೇ ಅಳಿಸಿಹೋಗಿರುತ್ತದೆ. ತಿಂಗಳಿಗೆ ಹತ್ತು ಹನ್ನೆರಡು ಚಿತ್ರಗಳನ್ನು ಮಾತ್ರ ಆರಿಸಿ, ಒಂದೊಂದಕ್ಕೂ ಎರಡು ಸಾಲು ಬರೆದು, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸುವುದು ಸಾಕು.

ಎರಡನೆಯ ವರ್ಷ ಆ್ಯಪ್ ಬಳಸಿದೆವು. ಗಂಟೆಗಳ ಲೆಕ್ಕ, ವಿಷಯವಾರು ಮೊತ್ತ ಎಲ್ಲವನ್ನೂ ಅದು ಅಚ್ಚುಕಟ್ಟಾಗಿ ತೋರಿಸುತ್ತಿತ್ತು. ಆದರೆ ಕಲಿಕೆಯನ್ನು ಅದರ ಅಂಕಣಗಳಿಗೆ ತಕ್ಕಂತೆ ನಾವೇ ಕತ್ತರಿಸುತ್ತಿದ್ದೇವೆಂದು ನಿಧಾನವಾಗಿ ತಿಳಿಯಿತು. ಗಂಟೆಗಳ ಲೆಕ್ಕ ಬೇಕೆನ್ನುವವರಿಗೆ ಒಂದು ಅಳತೆಗೋಲು ಇದೆ: ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗಳಿಗೆ ಐದನೇ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆಗಳನ್ನೂ, ಆರರಿಂದ ಎಂಟರವರೆಗೆ 220 ದಿನ, 1,000 ಗಂಟೆಗಳನ್ನೂ ನಿಗದಿ ಮಾಡಿದೆ. ಮನೆಗೆ ಅದು ಕಡ್ಡಾಯವಲ್ಲ. ಅಧಿಕಾರಿಯೊಂದಿಗೆ ಮಾತಾಡುವಾಗ ಎರಡೂ ಕಡೆಯವರಿಗೆ ಅರ್ಥವಾಗುವ ಸಂಖ್ಯೆಯಾಗಿ ಮಾತ್ರ ಉಪಯುಕ್ತ.

ದಿನಚರಿಯಲ್ಲಿ ಮಗುವಿನ ಮಾತು ಉಳಿಯುತ್ತದೆ, ಕಡತದಲ್ಲಿ ಮಗುವಿನ ಕೈಬರಹ ಉಳಿಯುತ್ತದೆ. ಇವೆರಡನ್ನೂ ಬಿಡಲಾಗದೆ ನಾವು ಕೊನೆಗೆ ಕಂಡುಕೊಂಡ ಕ್ರಮವೆಂದರೆ 200 ಪುಟದ ಸಾಮಾನ್ಯ ನೋಟ್‌ಪುಸ್ತಕದ ಎಡಪುಟವನ್ನು ನೆನಪಿಗೂ ಬಲಪುಟವನ್ನು ಪುರಾವೆಗೂ ಮೀಸಲಿಡುವುದು. ಒಂದು ಉದಾಹರಣೆ ಕೊಟ್ಟರೆ ಇದು ಸ್ಪಷ್ಟವಾಗುತ್ತದೆ. ಮಗನಿಗೆ ಎಂಟು ವರ್ಷವಿದ್ದಾಗಿನ ಒಂದು ಎಡಪುಟ ಹೀಗಿದೆ: ‘ಬುಧವಾರ. ಅಜ್ಜಿಯ ಹಿತ್ತಾಳೆ ಪಾವಿನಿಂದ ಸೇರಿಗೆ ರಾಗಿ ಸುರಿದ. ನಾಲ್ಕು ಪಾವಿಗೆ ಸೇರು ತುಂಬಿತು. ಅರೆಪಾವನ್ನೂ ತರಿಸಿ ಮತ್ತೆ ಸುರಿದ. “ಅಜ್ಜೀ, ಅರೆಪಾವು ಅಂದ್ರೆ ಸೇರಿನ ಎಂಟನೇ ಒಂದು ಪಾಲಾ?” ಎಂದು ಕೇಳಿದ. ಅಜ್ಜಿ “ಅದೆಲ್ಲ ನಂಗೊತ್ತಿಲ್ಲ ಮಗಾ, ಎಂಟು ಸಲ ಸುರೀಬೇಕು ಅಷ್ಟೇ” ಎಂದರು.’ ಅದರ ಎದುರಿನ ಬಲಪುಟದಲ್ಲಿ ಇರುವುದು ಮೂರೇ ಸಾಲು: ‘ಗಣಿತ: ಭಿನ್ನರಾಶಿ, ಕಾಲು ಮತ್ತು ಎಂಟನೇ ಒಂದು ಭಾಗ. ಅಳತೆ: ಸಾಂಪ್ರದಾಯಿಕ ಘನ ಅಳತೆಗಳು. ಮಾದರಿ: ಅವನೇ ಬಿಡಿಸಿದ ಚಿತ್ರ, ಕಡತದ 14ನೇ ಹಾಳೆ.’ ಎಡಪುಟ ಇಲ್ಲದಿದ್ದರೆ ಅಜ್ಜಿಯ ಉತ್ತರ ನಮಗೆ ಉಳಿಯುತ್ತಿರಲಿಲ್ಲ. ಅಜ್ಜಿ ಈಗ ಇಲ್ಲ. ಬಲಪುಟ ಇಲ್ಲದಿದ್ದರೆ ಅದೇ ಮಧ್ಯಾಹ್ನ ಗಣಿತದ ಪಾಠವಾಗಿತ್ತೆಂದು ಮುಖ್ಯೋಪಾಧ್ಯಾಯರಿಗೆ ತಿಳಿಯುತ್ತಿರಲಿಲ್ಲ.

ಬಲಪುಟದ ಭಾಷೆ ಆದಷ್ಟೂ ಶಾಲೆಯ ಭಾಷೆಯಾಗಿರಲಿ. ಎನ್‌ಸಿಇಆರ್‌ಟಿ 2017ರಲ್ಲಿ ಪ್ರಕಟಿಸಿದ ಕಲಿಕಾ ಫಲಗಳ ಪಟ್ಟಿಯನ್ನೋ, ರಾಜ್ಯದ ಪಠ್ಯಪುಸ್ತಕದ ಪಾಠದ ಹೆಸರನ್ನೋ ಪಕ್ಕದಲ್ಲಿಟ್ಟುಕೊಂಡು, ಅಂದಿನ ಕೆಲಸ ಯಾವುದಕ್ಕೆ ಹೊಂದುತ್ತದೆಂದು ಗುರುತಿಸಿದರೆ ಸಾಕು. ಪ್ರತಿದಿನ ಬರೆಯುವ ಹಟ ಬೇಡ; ವಾರಕ್ಕೆ ಎರಡು ಪುಟ ಬರೆದವರು ಐದು ವರ್ಷ ಬರೆಯುತ್ತಾರೆ, ದಿನಕ್ಕೆರಡು ಪುಟ ಬರೆಯಹೊರಟವರು ಯುಗಾದಿಯಿಂದ ಆಷಾಢದವರೆಗೆ ಬರೆದು ನಿಲ್ಲಿಸುತ್ತಾರೆ. ಕಡತಕ್ಕೆ ತಿಂಗಳಿಗೆ ನಾಲ್ಕೈದು ಹಾಳೆ ಸೇರಲಿ, ಅವು ಚೆನ್ನಾಗಿ ಬಂದವು ಮಾತ್ರ ಆಗಿರಬಾರದು. ಜೂನ್‌ನಲ್ಲಿ ತಪ್ಪಾಗಿ ಬರೆದ ಕಾಗುಣಿತದ ಹಾಳೆ ಮತ್ತು ಡಿಸೆಂಬರ್‌ನಲ್ಲಿ ಅದೇ ಪದಗಳನ್ನು ಸರಿಯಾಗಿ ಬರೆದ ಹಾಳೆ ಒಟ್ಟಿಗಿದ್ದರೆ, ಮಗು ಕಲಿತಿದೆ ಎಂಬುದಕ್ಕೆ ಬೇರೆ ಪುರಾವೆಯ ಅಗತ್ಯವಿಲ್ಲ.

ಮಲೆನಾಡಿನಂಥ ಪ್ರದೇಶದಲ್ಲಿ ಕಾಗದವನ್ನು ಕಾಪಾಡುವುದೇ ಒಂದು ಕೆಲಸ. ಕೆಲವು ಜೆಲ್ ಪೆನ್ನುಗಳ ಬರಹ ಮಳೆಗಾಲದ ತೇವಕ್ಕೆ ಹರಡಬಹುದು, ಸೀಸದಕಡ್ಡಿಯ ಬರಹ ಉಳಿಯುತ್ತದೆ. ಅಂಗಡಿಯ ರಸೀದಿಯ ಬಗೆಯ ಕಾಗದದಲ್ಲಿ ಬಂದ ಯಾವುದೇ ದಾಖಲೆ ಕೆಲವು ವರ್ಷಗಳಲ್ಲಿ ಬಿಳಿಯಾಗುವುದರಿಂದ ಅದನ್ನು ಪಡೆದ ದಿನವೇ ಜೆರಾಕ್ಸ್ ಮಾಡಿಸಬೇಕು. ಟಿಸಿ, ಜನನ ಪ್ರಮಾಣಪತ್ರಗಳ ಮೂಲಪ್ರತಿಗಳಿಗೆ ಲ್ಯಾಮಿನೇಷನ್ ಮಾಡಿಸಬಾರದು. ಮುಂದೆ ಅದರ ಮೇಲೆ ಮೇಲುಸಹಿ ಹಾಕಿಸಬೇಕಾದಾಗ ತೊಂದರೆಯಾಗುತ್ತದೆ. ಸ್ಕ್ಯಾನ್ ಮಾಡಿದ ಒಂದು ಪ್ರತಿ ಮನೆಯ ಹೊರಗೆ, ಊರಿನಲ್ಲಿರುವ ಅಕ್ಕನೋ ಅಣ್ಣನೋ ಯಾರಾದರೊಬ್ಬರ ಬಳಿ ಇರಲಿ.

ಹೊರದೇಶಕ್ಕೆ ಹೋಗುವ ಸಾಧ್ಯತೆಯಿದ್ದರೆ

ಉದ್ಯೋಗದ ಮೇಲೆ ದೇಶ ಬಿಡುವ ಕನ್ನಡ ಕುಟುಂಬಗಳು ಇಲ್ಲಿನ ಸಡಿಲಿಕೆ ಅಲ್ಲೂ ಇರುತ್ತದೆಂದು ಭಾವಿಸಬಾರದು. ಜರ್ಮನಿಯಲ್ಲಿ ಶಾಲಾ ಹಾಜರಿ ಕಡ್ಡಾಯ, ಹೋಮ್‌ಸ್ಕೂಲಿಂಗ್‌ಗೆ ಅಲ್ಲಿ ಅವಕಾಶವಿಲ್ಲವೆಂದೇ ತಿಳಿಯಬೇಕು. ಇಂಗ್ಲೆಂಡಿನಲ್ಲಿ 1996ರ ಶಿಕ್ಷಣ ಕಾಯ್ದೆಯ 7ನೇ ಕಲಂ ಮಗುವಿಗೆ ಶಾಲೆಯಲ್ಲಿ ಅಥವಾ ಬೇರೆ ರೀತಿಯಲ್ಲಿ ತಕ್ಕ ಶಿಕ್ಷಣ ಕೊಡುವುದನ್ನು ಪೋಷಕರ ಕರ್ತವ್ಯವಾಗಿಸಿದೆ. ಅಮೆರಿಕದ 50 ರಾಜ್ಯಗಳಲ್ಲೂ ಅದು ಕಾನೂನುಬದ್ಧವಾದರೂ ನಿಯಮಗಳಲ್ಲಿ ಅಗಾಧ ವ್ಯತ್ಯಾಸವಿದೆ: ಟೆಕ್ಸಾಸ್‌ನಲ್ಲಿ ನೋಂದಣಿ ಬೇಕಿಲ್ಲ; ನ್ಯೂಯಾರ್ಕ್ ರಾಜ್ಯದಲ್ಲಿ ವರ್ಷದ ಬೋಧನಾ ಯೋಜನೆಯನ್ನೂ ನಾಲ್ಕು ತ್ರೈಮಾಸಿಕ ವರದಿಗಳನ್ನೂ ಸಲ್ಲಿಸಬೇಕು; ಪೆನ್ಸಿಲ್ವೇನಿಯಾದಲ್ಲಿ ಮಗುವಿನ ಕೆಲಸದ ಮಾದರಿಗಳ ಕಡತವನ್ನು ಅರ್ಹ ಮೌಲ್ಯಮಾಪಕರು ಪ್ರತಿವರ್ಷ ನೋಡಿ ಪ್ರಮಾಣೀಕರಿಸಬೇಕು. ಎಡಪುಟ ಬಲಪುಟದ ಪುಸ್ತಕ ಇಟ್ಟವರಿಗೆ ಈ ಕೊನೆಯ ಎರಡು ರಾಜ್ಯಗಳ ನಿಯಮವೂ ಭಾರವಾಗುವುದಿಲ್ಲ. ಬಲಪುಟಗಳನ್ನು ಇಂಗ್ಲಿಷಿಗೆ ತಂದುಕೊಂಡರೆ ಹೆಚ್ಚಿನ ಕೆಲಸ ಮುಗಿಯುತ್ತದೆ.

ಯಾವುದನ್ನು ಎಷ್ಟು ಕಾಲ ಇಡಬೇಕು

ಬಲಪುಟ ಮತ್ತು ಕಡತದ ಮಾದರಿ ಹಾಳೆಗಳನ್ನು ಹತ್ತನೇ ತರಗತಿಯ ಪ್ರಮಾಣಪತ್ರ ಕೈಸೇರುವವರೆಗೆ ತಪ್ಪದೆ ಇಡಬೇಕು. ಆಮೇಲೆ ಕಚೇರಿಯವರು ಅವುಗಳನ್ನು ಕೇಳುವ ಸಂದರ್ಭ ಬಹಳ ಕಡಿಮೆ. ಟಿಸಿ, ನೋಂದಣಿ ಪತ್ರ, ಅಂಕಪಟ್ಟಿ, ಮೈಗ್ರೇಷನ್ ಪ್ರಮಾಣಪತ್ರ, ಪೋಷಕರ ವ್ಯಾಸಂಗ ಪ್ರಮಾಣಪತ್ರ ಇವು ಶಾಶ್ವತ. ಹನ್ನೆರಡು ವರ್ಷ ದಾಟಿದ ಮೇಲೆ ಪುಸ್ತಕವನ್ನು ಮಗುವಿನ ಕೈಗೇ ಒಪ್ಪಿಸಬಹುದು. ಮಗಳು ತನ್ನ ಪುಸ್ತಕವನ್ನು ವಹಿಸಿಕೊಂಡ ದಿನ ಬಲಪುಟದ ಶೀರ್ಷಿಕೆಯನ್ನು ಹಾಗೆಯೇ ಉಳಿಸಿಕೊಂಡು, ಎಡಪುಟವನ್ನು ಇನ್ನು ಮುಂದೆ ನಾವು ಕೇಳದೆ ಓದಬಾರದೆಂದು ಹೇಳಿದಳು. ಆ ಮಾತನ್ನು ನಾವು ಒಪ್ಪಿಕೊಂಡಿದ್ದೇವೆ. ಟಿಎಂಎ ಕೊಡಬೇಕಾದ ದಿನಾಂಕ ನೋಡಲು ಪುಸ್ತಕ ತೆರೆಯುವಾಗಲೂ ಬಲಪುಟವನ್ನು ಮಾತ್ರ ನೋಡುತ್ತೇವೆ.